ಅಪ್ಪನ ಇನ್ನೂರ ಹದಿನಾಲ್ಕು ಕಾಗದಗಳು

ಬೀದಿಯವರಿಗೆಲ್ಲ ಅವಳು ಹಲ್ಲಿನಕ್ಕ. ಹಲ್ಲಿನ ಡಾಕ್ಟರೆಂದು ತಪ್ಪು ತಿಳಿದು ಯಾರಾದರೂ ಬಾಯಿ ತೆರೆದು ನಿಂತರೆ, "ಮುಚ್ಚಿ, ಮುಚ್ಚಿ! ನಾನು ಬಾಯೊಳಗೆ ಕೈ ಹಾಕೋಳಲ್ಲ" ಎಂದು ಗದರಿಸುತ್ತಾಳೆ. ಡಾಕ್ಟರು ತೆಗೆದು ಕಳಿಸಿದ ದವಡೆಯ ಅಚ್ಚಿಗೆ ತಕ್ಕಂತೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಲ್ಯಾಬು, ಕಿಟಕಿ ಪಕ್ಕದ ಅದೇ ಮೇಜು, ರೆಪ್ಪೆಯ ಮೇಲೆ ಅದೇ ಬಿಳಿ ಪ್ಲಾಸ್ಟರಿನ ಪುಡಿ. ಒಬ್ಬರ ಸೆಟ್ಟು ಇನ್ನೊಬ್ಬರ ಬಾಯಿಗೆ ಕೂರುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವಳಿಗೆ ಇನ್ನೊಂದು ಹೆಸರೂ ಇತ್ತು: ದವಡೆ. ಹಳೇ ವಿಡಿಯೊ ಗೇಮುಗಳನ್ನು ಬಿಚ್ಚಿ, ಒಳಗಿನ ಊರು ಕೇರಿ ಮಾತು ಬಣ್ಣಗಳನ್ನೆಲ್ಲ ತಮಗೆ ಬೇಕಾದ ಹಾಗೆ ತಿದ್ದಿ, ಆ ತಿದ್ದುಪಡಿಯನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುವ ಹುಚ್ಚರ ಗುಂಪೊಂದಿದೆ ನೋಡಿ, ಇಂಟರ್ನೆಟ್ಟಿನಲ್ಲಿರುವ ಅವರ ಫೋರಮ್ಮಿನಲ್ಲಿ ಅವಳು ಆ ಹೆಸರಿನ ಕಾವಲುಗಾರ್ತಿ. ಹೆಸರಿಗೆ ತಕ್ಕ ಬಾಯಿ. ಗುಂಪಿನ ಮೊದಲ ನಿಯಮ, ತಿದ್ದುಪಡಿಯನ್ನು ಹಂಚಬಹುದು, ಆಟವನ್ನು ಹಂಚುವಂತಿಲ್ಲ. ತಿದ್ದುಪಡಿಗೆ ಅವರು ಇಟ್ಟ ಹೆಸರು ತೇಪೆ. 'ಇಂಥ ಕಡೆ ಮೂಲದಲ್ಲಿ ಇರುವುದಕ್ಕೆ ಇಷ್ಟು ಕೂಡು, ಇಷ್ಟು ಕಳೆ' ಎಂಬ ಪಟ್ಟಿ ಬಿಟ್ಟರೆ ಅದರಲ್ಲಿ ಬೇರೇನೂ ಇರುವುದಿಲ್ಲ. ಆಟವನ್ನು ಅವರವರೇ ಕೊಂಡು ತಂದುಕೊಳ್ಳಬೇಕು. ಆಟ ಮಾಡಿದ ಕಂಪನಿ ಮುಚ್ಚಿ ಎಷ್ಟೇ ವರ್ಷವಾಗಿರಲಿ, ಅದರ ಹಕ್ಕು ಯಾರದೋ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ನಾಳೆ ಅವರು ಎದ್ದು ಬಂದರೆ ಗುಂಪೇ ಮುಚ್ಚಿಹೋಗುತ್ತದೆ ಎಂಬ ಹೆದರಿಕೆ. ನಿಯಮ ಮುರಿದವರನ್ನು ಹೊರಗೆ ಹಾಕುವ ಕೆಲಸ ದವಡೆಯದು, ಅದರಲ್ಲಿ ಅವಳು ಮುಖ ಮೋರೆ ನೋಡಿದವಳಲ್ಲ.

ಅವಳ ಪ್ರಾಣವೆಲ್ಲ ಇದ್ದದ್ದು 'ಅಂಚೆದೋಣಿ' ಎಂಬ ಒಂದೇ ಆಟದಲ್ಲಿ. ಒಬ್ಬ ಅಂಚೆಯವನು ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಕಾಗದ ಹಂಚುತ್ತಾನೆ, ಅಷ್ಟೇ ಆಟ. ಕಾಗದಗಳು ಒಟ್ಟು ಇನ್ನೂರ ಹದಿನಾಲ್ಕು. ಮೂಲದಲ್ಲಿ ಅವು ಸಪ್ಪೆ, ನಾವು ಕ್ಷೇಮ ನೀವು ಕ್ಷೇಮವೇ ಎಂಬ ಧಾಟಿ. ಅವಳ ಅಪ್ಪ ಮುದ್ರಣಾಲಯದಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿದವರು. ನಿವೃತ್ತರಾದ ಮೇಲೆ ತಿದ್ದಲು ಏನೂ ಸಿಗದೆ ಬಿಸ್ಕತ್ತಿನ ಪೊಟ್ಟಣದ ಮೇಲಿನ ತಪ್ಪಿಗೆಲ್ಲ ಗುರುತು ಹಾಕುತ್ತಿದ್ದರು. "ಅಪ್ಪಾ, ಸುಮ್ನೆ ಕೂತ್ಕೋಬೇಡಿ, ಈ ಕಾಗದಗಳನ್ನ ನಮ್ಮ ಭಾಷೇಲಿ ಬರ್ಕೊಡಿ" ಎಂದಳು. ಅಪ್ಪ ಮೂಲವನ್ನು ಓದಿ, "ಇದನ್ನ ಯಾರು ಬರೆದ್ರೋ, ಅವರಿಗೆ ಜೀವನದಲ್ಲಿ ಒಂದು ಕಾಗದವೂ ಬಂದಿಲ್ಲ" ಎಂದು ಅದನ್ನು ಪಕ್ಕಕ್ಕಿಟ್ಟು, ಎರಡೇ ಬೆರಳಲ್ಲಿ ನೇರವಾಗಿ ಕಂಪ್ಯೂಟರಿನಲ್ಲೇ ತಮ್ಮದನ್ನು ಕುಟ್ಟತೊಡಗಿದರು. ಎರಡು ವರ್ಷ ಕುಟ್ಟಿದರು.

ದೀಪಸ್ತಂಭದ ಕಾವಲುಗಾರನಿಗೆ ಅವನ ಹೆಂಡತಿ ಬರೆದ ಕಾಗದ ಹೀಗಿತ್ತು: 'ಊರ ಹಡಗಿಗೆಲ್ಲ ದೀಪ ತೋರಿಸುವ ಮಹಾರಾಯರೇ, ನಮ್ಮ ಅಡುಗೆಮನೆಯ ಬಲ್ಬು ಹೋಗಿ ಮೂರು ವಾರವಾಯಿತು.' ಅದನ್ನು ಓದಿದ ದಿನ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಾನು ಬೈದಿದ್ದನ್ನೇ ಕದ್ದು ಬರೆದಿದಾರಲ್ಲೇ ಇವರು!" ಹೌದು, ಆ ಕಾಗದಗಳಲ್ಲಿದ್ದದ್ದು ಅವರಿಬ್ಬರ ನಲವತ್ತು ವರ್ಷದ ಜಗಳ, ಮುನಿಸು, ರಾಜಿ. ಅಪ್ಪ ಹೋಗಿ ಒಂಬತ್ತು ವರ್ಷವಾದರೂ ಅಮ್ಮ ದಿನಾ ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಏರಿಸಿ ದೋಣಿ ಹತ್ತುತ್ತಿದ್ದಳು. ಎರಡು ಮೂರು ಕಾಗದ ತಲುಪಿಸಿ, ಓದಿ, "ಥೂ, ಸುಳ್ಳ" ಎಂದು ಗೊಣಗಿ ಮಲಗುತ್ತಿದ್ದಳು.

ಕಳೆದ ತಿಂಗಳು ಆ ಹಳೇ ಕಂಪ್ಯೂಟರು ಎರಡು ಸಲ ಕಟಕಟ ಎಂದು ಸುಮ್ಮನಾಯಿತು. ರಿಪೇರಿಯವನು ಡಿಸ್ಕು ಸುಟ್ಟಿದೆ, ಅದರಿಂದ ಏನೂ ಬರುವುದಿಲ್ಲ ಎಂದು ಕೈಚೆಲ್ಲಿದ. ಅವಳು ಗಾಬರಿಯಾಗಲಿಲ್ಲ. ಲೋಕಕ್ಕೆಲ್ಲ ಬುದ್ಧಿ ಹೇಳುವವಳು ತನ್ನ ತೇಪೆಯನ್ನು ಮೂರು ಕಡೆ ಜೋಪಾನವಾಗಿ ಇಟ್ಟಿದ್ದಳು. ಆಟದ ಕ್ಯಾಸೆಟ್ಟೂ ಸ್ವಂತದ್ದಿತ್ತು. ಕ್ಯಾಸೆಟ್ಟನ್ನು ಓದುವ ಪೆಟ್ಟಿಗೆಗೆ ಸಿಕ್ಕಿಸಿ, ಆಟದ ಪ್ರತಿ ತೆಗೆದು, ತೇಪೆ ಹಾಕಿದಳು. ಪರದೆಯ ಮೇಲೆ ಒಂದು ಸಾಲು ಬಂತು: ಮೂಲ ಹೊಂದುತ್ತಿಲ್ಲ.

ಬಲವಂತವಾಗಿ ಹಾಕಿ ನೋಡಿದಳು. ದೋಣಿ ಹೊರಟಿತು, ದ್ವೀಪ ಬಂತು, ಕಾವಲುಗಾರ ಕಾಗದ ಬಿಚ್ಚಿದ, ಅದರ ತುಂಬ ಬರೀ ಚೌಕಗಳು. ಅಮ್ಮ ಹಿಂದೆಯೇ ನಿಂತಿದ್ದಳು. "ನಿಮ್ಮಪ್ಪನ ಅಕ್ಷರ ಎಲ್ಲಿ ಹೋಯ್ತೇ?" ಎಂದು ಕೇಳಿದಳು. ಹಲ್ಲಿನಕ್ಕನಿಗೆ ಆಗ ಹೊಳೆಯಿತು. ತೇಪೆ ಎಂದರೆ ಸೆಟ್ಟು, ಆಟದ ಪ್ರತಿ ಎಂದರೆ ದವಡೆ. ಸೆಟ್ಟನ್ನು ಮೂರು ಕಡೆ ಇಟ್ಟಿದ್ದಳು, ಅದು ಕೂರಬೇಕಾದ ದವಡೆಯನ್ನು ಎಲ್ಲೂ ಇಟ್ಟಿರಲಿಲ್ಲ.

ಕಾರಣ ಅವಳಿಗೆ ಗೊತ್ತಿತ್ತು, ಗೊತ್ತಿದ್ದುದೇ ಸಂಕಟ. ಹನ್ನೊಂದು ವರ್ಷದ ಹಿಂದೆ ಓದುವ ಪೆಟ್ಟಿಗೆ ಗುಂಪಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಒಬ್ಬನು ಮಾತ್ರ ತಾನೇ ತಂತಿ ಬೆಸೆದು ಮಾಡಿಕೊಂಡಿದ್ದ. ಅವನು ಬೀಗ ರಿಪೇರಿ ಮಾಡಿ ಕೀಲಿ ಕೊರೆದುಕೊಡುವವನು, ಫೋರಮ್ಮಿನಲ್ಲಿ ಬೀಗಣ್ಣ. ಅವನು ತನ್ನ ಕ್ಯಾಸೆಟ್ಟಿನಿಂದ ಓದಿದ ಪ್ರತಿ ಗುಟ್ಟಾಗಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ತಗೊಂಡರು, ನಿಯಮ ಕಾಯುವ ದವಡೆಯೂ ತಗೊಂಡಳು. ಅದರ ಮೇಲೇ ಅಪ್ಪನ ಕಾಗದಗಳನ್ನು ಕೂರಿಸಿದಳು. ಹೊಸಬರು ಪರದಾಡಬಾರದೆಂದು ಬೀಗಣ್ಣ ಒಂದು ದಿನ ಆ ಪ್ರತಿಯನ್ನು ಎಲ್ಲರಿಗೂ ಕಾಣುವಂತೆ ಫೋರಮ್ಮಿನಲ್ಲಿ ಇಟ್ಟ. ದವಡೆ ಅದನ್ನು ತೆಗೆದು, ಅವನನ್ನು ಹೊರಗೆ ಹಾಕಿ, ನೋಟೀಸು ಅಂಟಿಸಿದಳು: 'ಕದ್ದ ಮಾಲನ್ನು ಹಂಚುವ ಬೀಗಣ್ಣನಂಥವರಿಗೆ ಇಲ್ಲಿ ಜಾಗವಿಲ್ಲ.'

ಎರಡು ವರ್ಷ ಕಳೆದ ಮೇಲೆ ಓದುವ ಪೆಟ್ಟಿಗೆಗಳು ಅಗ್ಗವಾದವು. ಎಲ್ಲರೂ ತಂತಮ್ಮ ಕ್ಯಾಸೆಟ್ಟು ಓದಿ ನೋಡಿದರೆ ಬೀಗಣ್ಣನ ಪ್ರತಿಯಲ್ಲೇ ಏನೋ ಐಬು. ಆಟ ಓಡುತ್ತಿತ್ತು, ಆದರೆ ಸರಿಯಾದ ಪ್ರತಿ ಅದಲ್ಲ. ಎಲ್ಲರೂ ತಮ್ಮ ತೇಪೆಗಳನ್ನು ಹೊಸ ಪ್ರತಿಗೆ ಹೊಂದಿಸಿಕೊಂಡರು. ಹಳೇ ಪ್ರತಿಯಿಂದ ಹೊಸಬರಿಗೆ ಗೊಂದಲವಾಗದಿರಲೆಂದು ಅದನ್ನು ಎಲ್ಲ ಕಡೆಯಿಂದ ಅಳಿಸಿದರು. ಅಳಿಸಿ ಅಳಿಸಿ ಎಂದು ಬೆನ್ನು ಬಿದ್ದು ಅಳಿಸಿದವಳೂ ದವಡೆಯೇ! ಅವಳ ತೇಪೆಯೊಂದು ಹಳೇ ಪ್ರತಿಯ ಮೇಲೇ ಉಳಿಯಿತು. ಅಪ್ಪ ಆಸ್ಪತ್ರೆಯಲ್ಲಿದ್ದ ವರ್ಷ ಅದು. ಆಮೇಲೆ ಮಾಡಿದರಾಯಿತು ಎಂದುಕೊಂಡಳು, ಆಮೇಲೆ ಆ ಕಾಗದಗಳನ್ನು ಮುಟ್ಟುವ ಧೈರ್ಯ ಬರಲಿಲ್ಲ.

ಗುಂಪಿನ ನಲವತ್ತೂ ಜನರನ್ನು ಕೇಳಿದ್ದಾಯಿತು. 'ನೀವೇ ಅಳಿಸೋಕೆ ಹೇಳಿದ್ರಲ್ಲ ದವಡೆ' ಎಂದು ನಲವತ್ತು ಜನರೂ ಬರೆದರು. ಉಳಿದವನು ಒಬ್ಬ.

ಅವನ ಅಂಗಡಿ ಇದೇ ಊರಿನಲ್ಲಿ, ಎರಡು ಬಸ್ಸು ಬದಲಿಸಿದರೆ ಸಿಗುತ್ತದೆ. ಹನ್ನೊಂದು ವರ್ಷ ಅವಳು ಆ ರಸ್ತೆಯಲ್ಲಿ ಎದುರುಗಡೆಯ ಫುಟ್‌ಪಾತು ಹಿಡಿದೇ ಓಡಾಡಿದ್ದಳು. ಬುಧವಾರ ಅರ್ಧ ದಿನ ರಜೆ ಹಾಕಿ, ಲ್ಯಾಪ್‌ಟಾಪು, ಪೆಟ್ಟಿಗೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹತ್ತು ಗಂಟೆಗೆ ಅಂಗಡಿ ಮುಂದೆ ನಿಂತಳು. ಮೂರು ಮಾರು ಅಗಲದ ಅಂಗಡಿ. ಗೋಡೆ ತುಂಬ ಕೊರೆಯದ ಕೀಲಿಗಳು, ಕಟ್ಟೆಯ ಮೇಲೆ ಕೀಲಿ ಕೊರೆಯುವ ಯಂತ್ರ, ಅದರ ಹಿಂದೆ ಐವತ್ತೈದರ ಆಸುಪಾಸಿನ, ಬೆರಳೆಲ್ಲ ಹಿತ್ತಾಳೆ ಪುಡಿ ಮೆತ್ತಿದ ಮನುಷ್ಯ.

"ಯಾವ ಬೀಗ ಅಮ್ಮ?"

"ಬೀಗ ಅಲ್ಲ. ನಾನು... ದವಡೆ."

ಅವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. ಮುಖದಲ್ಲಿ ಸಿಟ್ಟು ಬಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಬರಲಿಲ್ಲ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಸುಟ್ಟ ಡಿಸ್ಕು, ಅಪ್ಪನ ಕಾಗದ, ಅಮ್ಮನ ಮಧ್ಯಾಹ್ನ, ಚೌಕಗಳು. ಆ ಹಳೇ ಪ್ರತಿ ನಿಮ್ಮ ಹತ್ತಿರ ಇದ್ದರೆ ಕೊಡಿ ಎಂದು ಬೇಡಿದಳು.

"ಹೊರಗೆ ಹಾಕಿದಾಗ್ಲೇ ನೀವು ಅಳಿಸು ಅಂದ್ರಿ, ಅಳಿಸಿದೆ" ಎಂದ ಅವನು. "ಅವತ್ತೇ. ಇನ್ನೂ ನಿಯಮ ಮುರಿದೋನು ಅನ್ನಿಸ್ಕೊಳ್ಳೋ ಆಸೆ ಇರ್ಲಿಲ್ಲ."

ಅವಳು ಕಟ್ಟೆಯ ಅಂಚು ಹಿಡಿದುಕೊಂಡಳು.

ಅವನು ಬಾಗಿ ಕೆಳಗಿನ ಖಾನೆ ಎಳೆದ. ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಸೆಟ್ಟನ್ನು ತೆಗೆದು ಕಟ್ಟೆಯ ಮೇಲಿಟ್ಟ. "ಪ್ರತಿ ಇಲ್ಲ. ಪ್ರತಿ ಹುಟ್ಟಿದ್ದು ಇದರಿಂದ. ಇದನ್ನ ಓದಿದ್ರೆ ಮತ್ತೆ ಅದೇ ಬರ್ಬೇಕಲ್ಲ?"

ಅವಳು ಆತುರಾತುರವಾಗಿ ಪೆಟ್ಟಿಗೆ ಜೋಡಿಸಿದಳು. ಒಮ್ಮೆ ಓದಲು ನಾಲ್ಕು ನಿಮಿಷ ಬೇಕು. ಓದಿ ಮುಗಿದರೆ ಕಂಪ್ಯೂಟರು ಇಡೀ ಪ್ರತಿಯನ್ನು ಲೆಕ್ಕಹಾಕಿ ಎಂಟು ಅಕ್ಷರದ ಒಂದು ತಾಳೆ ಗುರುತು ಕೊಡುತ್ತದೆ. ಪ್ರತಿಯಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಗುರುತು ಬೇರೆಯಾಗುತ್ತದೆ. ತನಗೆ ಬೇಕಾದ ಗುರುತನ್ನು ಅವಳು ತೇಪೆಯ ಜೊತೆಯ ಟಿಪ್ಪಣಿಯಲ್ಲಿ ಅಂದೇ ಬರೆದಿಟ್ಟಿದ್ದಳು. ನಾಲ್ಕು ನಿಮಿಷ ಕಳೆಯಿತು. ಗುರುತು ಹೊಂದಲಿಲ್ಲ. ಬಂದದ್ದು ಎಲ್ಲರ ಹತ್ತಿರವೂ ಇರುವ ಸರಿಯಾದ ಪ್ರತಿಯ ಗುರುತು.

"ಸರಿಯಾಗೇ ಓದ್ತಿದೆ" ಎಂದಳು, ಯಾರೋ ಸತ್ತ ಸುದ್ದಿ ಹೇಳುವ ದನಿಯಲ್ಲಿ.

"ಓದದೆ ಏನು? ಆಮೇಲೆ ಹಲ್ಲೆಲ್ಲ ರಬ್ಬರಿನಲ್ಲಿ ಉಜ್ಜಿ ಕ್ಲೀನ್ ಮಾಡಿಟ್ಟಿದೀನಿ" ಎಂದ ಅವನು, ತುಸು ಹೆಮ್ಮೆಯಿಂದಲೇ. ಕ್ಯಾಸೆಟ್ಟಿನ ಬಾಯಿಯಲ್ಲಿ ಸಾಲಾಗಿರುವ ತಾಮ್ರದ ಪಟ್ಟಿಗಳಿಗೆ ಅವನು ಹಲ್ಲು ಎನ್ನುತ್ತಿದ್ದ. ಆಮೇಲೆ ಅವನೇ ತಡೆದು ನಿಂತ. "ಮೊದಲ್ನೇ ಸಲ ಓದಿದಾಗ ಮಾತ್ರ ಕಿಲುಬು ಹಿಡಿದಿತ್ತು. ಮಗಳು ಹಾಲು ಚೆಲ್ಲಿದ್ಲು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಐಬು ಕ್ಯಾಸೆಟ್ಟಿನದಲ್ಲ, ಕಿಲುಬಿನದು! ಕಿಲುಬು ಹಿಡಿದ ಹಲ್ಲು ಪೆಟ್ಟಿಗೆಗೆ ತಾಗಿರಲಿಲ್ಲ, ಅದು ಹೇಳಬೇಕಾದ್ದನ್ನು ಪೆಟ್ಟಿಗೆ ತಪ್ಪಾಗಿ ಬರೆದುಕೊಂಡಿತ್ತು. ತಪ್ಪಾದದ್ದು ಆಟ ಮುಟ್ಟದ ಖಾಲಿ ಜಾಗದಲ್ಲಿ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಪ್ಪನ ಕಾಗದಗಳನ್ನು ಅವಳು ಕೂರಿಸಿದ್ದು ಆ ಖಾಲಿ ಜಾಗದಲ್ಲೇ. ಅದೇ ಹಲ್ಲನ್ನು ಈಗ ಬೇಕೆಂತಲೇ ಮುಚ್ಚಿದರೆ ಅದೇ ತಪ್ಪು ಮತ್ತೆ ಹುಟ್ಟಬೇಕು. ಯಾವ ಹಲ್ಲು ಎಂಬುದೇ ಪ್ರಶ್ನೆ.

"ನಾಳೆ ನಾಳಿದ್ದು ಅಂತ ಬರ್ಬೇಡಿ" ಎಂದ ಅವನು. "ಒಂದು ಗಂಟೆಗೆ ಆಸ್ಪತ್ರೆ ಔಷಧಿ ಕಪಾಟಿನ ಬೀಗ ತೆಗೆಯೋಕೆ ಹೋಗ್ಬೇಕು. ಅಲ್ಲೀವರೆಗೆ ಕೂತ್ಕೊಳ್ಳಿ. ನಾಳೆ ನನ್ನ ಮನಸ್ಸು ಹೇಗಿರುತ್ತೋ ನನಗೇ ಗೊತ್ತಿಲ್ಲ. ಕ್ಯಾಸೆಟ್ಟು ಮಾತ್ರ ಅಂಗಡಿ ಬಿಟ್ಟು ಹೋಗಲ್ಲ."

ಅವಳು ಸೆಲೋಟೇಪನ್ನು ಬ್ಲೇಡಿನಲ್ಲಿ ಉಗುರಿನ ಅಂಚಿನಷ್ಟು ತೆಳ್ಳಗೆ ಸೀಳಿದಳು. ಅದು ಅವಳ ಕಸುಬಿನ ಕೈ. "ಬಲಗಡೆ ತುದೀನ ಜಾಸ್ತಿ ಉಜ್ಜಿದ ನೆನಪು" ಎಂದ ಅವನು. ಬಲತುದಿಯ ಹಲ್ಲು ಮುಚ್ಚಿ ಓದಿಸಿದಳು. ಹೊಂದಲಿಲ್ಲ. ಎರಡನೆಯದು. ಓದು ಅರ್ಧಕ್ಕೆ ನಿಂತಿತು. ಪಕ್ಕದಲ್ಲಿ ಅವನು ಗಿರಾಕಿಗೊಂದು ಕೀಲಿ ಕೊರೆಯಲು ಯಂತ್ರ ಹಾಕಿದ್ದ. ಯಂತ್ರ ಗರ್ ಎಂದೊಡನೆ ವಿದ್ಯುತ್ತು ಕುಗ್ಗಿ ಪೆಟ್ಟಿಗೆ ತಡಬಡಿಸಿತ್ತು. ಅವನು ಯಂತ್ರ ಆರಿಸಿ, "ಒಂದು ಗಂಟೆ ಮೇಲೆ ಬನ್ನಿ ಸ್ವಾಮಿ" ಎಂದು ಗಿರಾಕಿಯನ್ನು ಕಳಿಸಿದ. ಅವಳಿಗೆ ಮುಖ ಎತ್ತಲಾಗಲಿಲ್ಲ.

ಮೂರು, ನಾಲ್ಕು, ಐದು. ಒಂದೂ ಹೊಂದಲಿಲ್ಲ. ಸಿಕ್ಕಿಸುವಾಗ ಟೇಪು ಒಮ್ಮೆ ಸುರುಳಿಯಾಗಿ ಒಳಗೇ ಉಳಿಯಿತು, ಅದನ್ನು ಚಿಮ್ಮಟದಲ್ಲಿ ತೆಗೆಯುವಷ್ಟರಲ್ಲಿ ಹನ್ನೊಂದೂವರೆ. ಆರನೆಯ ಓದಿನಲ್ಲಿ ಪೆಟ್ಟಿಗೆ 'ಕ್ಯಾಸೆಟ್ಟು ಸಿಗುತ್ತಿಲ್ಲ' ಎಂದಿತು. ತೆಗೆದು ಹಾಕಿದರೆ ಸಿಕ್ಕಿತು, ಮತ್ತೆ ಹೋಯಿತು, ಹೀಗೇ ಹನ್ನೆರಡೂವರೆಯಾಯಿತು. ಒಳಗಿನ ಚಿಪ್ ಮೂವತ್ತು ವರ್ಷದ್ದು, ಬಿಸಿಯಾಗಿ ಸುಸ್ತಾಗುತ್ತಿತ್ತು. ಇನ್ನೆಷ್ಟು ಸಲ ಬಾಯಿ ಬಿಡುತ್ತದೋ ಯಾರಿಗೆ ಗೊತ್ತು?

"ಆರಲಿ, ಹತ್ತು ನಿಮಿಷ ಬಿಡಿ" ಎಂದ ಬೀಗಣ್ಣ. ಆ ಹತ್ತು ನಿಮಿಷದಲ್ಲಿ, ಅವಳು ಹೆದರಿಕೊಂಡೇ ಬಂದಿದ್ದ ಮಾತನ್ನು ಎತ್ತಿದ. "ಹೊರಗೆ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ ಅಮ್ಮ. ನಿಯಮ ನಿಯಮಾನೇ. ಆದ್ರೆ 'ಕದ್ದ' ಅಂತ ಯಾಕೆ ಬರೆದ್ರಿ? ಈ ಕ್ಯಾಸೆಟ್ಟು ನನ್ನ ಮೊದಲ ಸಂಬಳದಲ್ಲಿ ತಗೊಂಡಿದ್ದು."

ಅವಳು ಚಿಮ್ಮಟವನ್ನು ಕೆಳಗಿಟ್ಟಳು.

"ನಾನು ಬೀಗದವನು. ಜನ ನನ್ನ ಕೈಗೆ ಮನೆ ಕೀಲಿ ಕೊಟ್ಟು ಹೋಗ್ತಾರೆ. ನನ್ನ ಹೆಸರಿನ ಪಕ್ಕ ಆ ಪದ ಕೂತ್ರೆ ಹೇಗಿರುತ್ತೆ, ಯೋಚಿಸಿದ್ರಾ? ಮಗಳು ಶಾಲೆಯಲ್ಲಿದ್ಲು. ಫ್ರೆಂಡ್ಸಿಗೆ ಅಪ್ಪನ ಸಾಹಸ ತೋರಿಸೋಣ ಅಂತ ಕಂಪ್ಯೂಟರಲ್ಲಿ ಬೀಗಣ್ಣ ಅಂತ ಹುಡುಕಿದಾಳೆ. ಮನೆಗೆ ಬಂದು, 'ಅಪ್ಪಾ, ನೀನು ಕಳ್ಳನಾ?' ಅಂದ್ಲು. ಅಲ್ಲ ಅಂದೆ. ನಂಬಿದ್ಲು ಅಂತ ಅಂದ್ಕೊಂಡಿದೀನಿ. ಈಗಲೂ ಗಟ್ಟಿ ಗೊತ್ತಿಲ್ಲ."

ಹಲ್ಲಿನಕ್ಕ ಯಾರ ಮುಂದೆಯೂ ಹೇಳದ ಒಂದು ವಿಷಯವಿತ್ತು. ಆ ನೋಟೀಸನ್ನು ಅಂಟಿಸುವ ಮುಂಚೆ ಅಪ್ಪನಿಗೆ ತೋರಿಸಿದ್ದಳು, ತಪ್ಪುಗಿಪ್ಪು ನೋಡಿ ಎಂದು. ಅಪ್ಪ ಪರದೆಯ ಮೇಲೆ ಬೆರಳಿಟ್ಟು, "ಈ 'ಕದ್ದ' ತೆಗೆದುಬಿಡು ಮಗಳೇ. ಅದೊಂದು ಹೋದ್ರೆ ಮಿಕ್ಕಿದ್ದೆಲ್ಲ ಸರಿಯಾಗಿದೆ" ಎಂದಿದ್ದರು. "ಖಾರ ಇರ್ಬೇಕು ಅಪ್ಪಾ, ಇಲ್ದಿದ್ರೆ ಯಾರೂ ಹೆದರಲ್ಲ" ಎಂದು ಅವಳು ಹಾಗೇ ಒತ್ತಿದ್ದಳು. ಅದೇ ಪ್ರತಿಯನ್ನು ತಾನೂ ಗುಟ್ಟಾಗಿ ಇಟ್ಟುಕೊಂಡು, ಅದೇ ಸಂಜೆ ಅದೇ ಪ್ರತಿಯಲ್ಲಿ ಅಪ್ಪನ ಕಾಗದ ಕೂರಿಸುತ್ತಾ! ಈಗ ಅದೆಲ್ಲವನ್ನೂ ಬೀಗಣ್ಣನಿಗೆ ಹೇಳಿದಳು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. "ತಪ್ಪು ನನ್ನದು. ನಾಚಿಕೆ ಆಗ್ತಿದೆ" ಎಂದಳು.

ಅವನು ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ಕೀಲಿಯ ಹಲ್ಲು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ. "ಹಾಲು ಚೆಲ್ಲಿದ್ರೆ ಒಂದೇ ಹಲ್ಲಿಗೆ ಬೀಳುತ್ತಾ?" ಎಂದು ಕೇಳಿದ.

"ಅಂದ್ರೆ?"

"ಹರಡುತ್ತೆ. ಇಲ್ನೋಡಿ, ನಾಲ್ಕನೇದು ಐದನೇದು ಎರಡೂ ಮಿಕ್ಕಿದ್ದಕ್ಕಿಂತ ಸವೆದಿವೆ. ನಾನು ತಿಕ್ಕಿದ್ದು ಇವೆರಡನ್ನೂ. ಜೋಡಿಯಾಗಿ ಮುಚ್ಚಿ."

ಹನ್ನೆರಡು ಮುಕ್ಕಾಲು. ಅವಳು ಎರಡೂ ಹಲ್ಲಿಗೆ ಒಂದೇ ಪಟ್ಟಿ ಅಂಟಿಸಿ, ಉಗುರಿನಿಂದ ಒತ್ತಿ ಸಿಕ್ಕಿಸಿದಳು. ಪೆಟ್ಟಿಗೆಗೆ ಕ್ಯಾಸೆಟ್ಟು ಸಿಕ್ಕಲಿಲ್ಲ. ತೆಗೆದಳು, ಊದಿದಳು, ಹಾಕಿದಳು. ಸಿಕ್ಕಿತು. ಅಂಗಡಿ ಮುಂದೆ ಯಾರೋ ಬಂದು ನಿಂತರು, ಬೀಗಣ್ಣ ಕೈ ಅಡ್ಡ ತೋರಿಸಿ ಸುಮ್ಮನಿರಿಸಿದ. ಪರದೆಯ ಮೇಲಿನ ಪಟ್ಟಿ ಅರ್ಧ ತುಂಬಿತು, ಮುಕ್ಕಾಲು ತುಂಬಿತು, ಅಲ್ಲಿ ನಿಂತಿತು. ಮತ್ತೆ ತೆವಳಿತು. ತುಂಬಿತು.

ಎಂಟು ಅಕ್ಷರಗಳನ್ನು ಅವಳು ಒಂದೊಂದಾಗಿ ಬೆರಳಿಟ್ಟು ಓದಿದಳು, ಅವನು ಟಿಪ್ಪಣಿಯಲ್ಲಿ ಬೆರಳಿಟ್ಟು ತಾಳೆ ನೋಡಿದ. ಎಂಟೂ ಹೊಂದಿದವು.

ತೇಪೆ ಹಾಕಿದಳು. ಯಾವ ತಕರಾರೂ ಬರಲಿಲ್ಲ. ದೋಣಿ ಹೊರಟಿತು, ದ್ವೀಪ ಬಂತು, ಕಾವಲುಗಾರ ಕಾಗದ ಬಿಚ್ಚಿದ. ಊರ ಹಡಗಿಗೆಲ್ಲ ದೀಪ ತೋರಿಸುವ ಮಹಾರಾಯರೇ. ಅವಳು ಅಲ್ಲೇ ಕಣ್ಣೀರು ಸುರಿಸಿಕೊಂಡು ಅಮ್ಮನಿಗೆ ಫೋನು ಹಚ್ಚಿ ಓದಿ ಹೇಳಿದಳು. ಆ ಕಡೆಯಿಂದ ಅಮ್ಮ, "ಆ ಬಲ್ಬನ್ನ ಕೊನೆಗೂ ಹಾಕಿದ್ದು ನಾನೇ ಕಣೇ, ಸ್ಟೂಲು ಹತ್ತಿ. ಅದನ್ನ ಬರೀಲಿಲ್ಲ ನೋಡು ಇವರು" ಎಂದಳು. ಬೀಗಣ್ಣ ತಲೆ ತಗ್ಗಿಸಿ ನಕ್ಕ.

ಅವನು ಹತಾರದ ಚೀಲ ಎತ್ತಿಕೊಂಡು ಹೊರಡಲು ನಿಂತಿದ್ದ. "ಐದು ನಿಮಿಷ" ಎಂದಳು ಅವಳು. ಫೋರಮ್ಮು ತೆರೆದಳು. ಹನ್ನೊಂದು ವರ್ಷದ ಹಿಂದಿನ ನೋಟೀಸು ಒಂದಕ್ಷರ ಮುಕ್ಕಾಗದೆ ಅಲ್ಲೇ ಇತ್ತು. ಗುಂಪಿನಲ್ಲಿ ಬರೆದದ್ದನ್ನು ಅಳಿಸುವ ಪದ್ಧತಿಯಿಲ್ಲ. ಆಟದ ಪ್ರತಿಯನ್ನು ಹುಡುಕಿ ಹುಡುಕಿ ಅಳಿಸಿದವರು ಬೈಗುಳವನ್ನು ಎಷ್ಟು ಚೆನ್ನಾಗಿ ಕಾಪಾಡಿದ್ದರು! ಅವಳೂ ಅಳಿಸಲಿಲ್ಲ. ಕರಡು ತಿದ್ದುವವರು ಮಾಡುವ ಹಾಗೆ 'ಕದ್ದ' ಎಂಬುದರ ಮೇಲೆ ಗೆರೆ ಎಳೆದು, ಕೆಳಗೆ ಬರೆದಳು: 'ಈ ಪದ ತಪ್ಪು. ಕ್ಯಾಸೆಟ್ಟು ಬೀಗಣ್ಣನವರ ಸ್ವಂತದ್ದು. ಅವರ ಪ್ರತಿಯನ್ನು ನಾನೂ ಗುಟ್ಟಾಗಿ ಬಳಸಿದ್ದೆ. ತಿದ್ದಿದವರು ನಮ್ಮಪ್ಪ. ಹನ್ನೊಂದು ವರ್ಷ ತಡಮಾಡಿದವಳು ನಾನು.'

ಅದರ ಕೆಳಗೇ ಆ ಪ್ರತಿಯನ್ನು ಎಲ್ಲರಿಗೂ ಕಾಣುವಂತೆ ಬೀಗಣ್ಣನ ಹೆಸರಿನಲ್ಲಿ ಇಟ್ಟಳು, ಜೊತೆಗೆ ನಾಲ್ಕು ಐದನೇ ಹಲ್ಲಿನ ಗುಟ್ಟನ್ನೂ. ಆಮೇಲೆ ಮೊದಲ ನಿಯಮ ಮುರಿದವರ ಪಟ್ಟಿ ತೆರೆದು 'ದವಡೆ' ಎಂದು ಸೇರಿಸಿ, ಕಾವಲಿನ ಕೆಲಸಕ್ಕೆ ತಾನೇ ಬಾಗಿಲು ಹಾಕಿಕೊಂಡಳು. ನಾಳೆ ಗುಂಪು ಆ ಪ್ರತಿಯನ್ನು ಇಟ್ಟುಕೊಳ್ಳುತ್ತದೋ ತೆಗೆಯುತ್ತದೋ ಅವರಿಗೆ ಬಿಟ್ಟಿದ್ದು. ಪರದೆಯನ್ನು ಅವನ ಕಡೆ ತಿರುಗಿಸಿದಳು.

ಅವನು ಒಂದು ಸಲ ಓದಿದ. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದ. ಆಸ್ಪತ್ರೆಯಿಂದ ಬಂದ ಫೋನು ಜೇಬಿನಲ್ಲಿ ಹೊಡೆದುಕೊಳ್ಳುತ್ತಿತ್ತು, ಅದನ್ನು ತೆಗೆದು ಕಟ್ ಮಾಡಿದ. ಹಿತ್ತಾಳೆ ಪುಡಿಯ ಬೆರಳನ್ನು ಅಂಗಿಗೆ ಒರೆಸಿಕೊಂಡು, ಅದೇ ಫೋನನ್ನು ಪರದೆಯ ಮುಂದೆ ಹಿಡಿದ.

"ಸ್ವಲ್ಪ ಸರ್ಕೊಳ್ಳಿ ಅಮ್ಮ, ನೆರಳು ಬೀಳ್ತಿದೆ" ಎಂದ. "ಮಗಳಿಗೆ ಕಳಿಸ್ತೀನಿ."